ಬಲಮೂಲೆಯ ಮೂರು ಚುಕ್ಕಿ

ಫೆಬ್ರವರಿ 18, ಬೆಳಿಗ್ಗೆ 10.40. ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕಂಪ್ಲಿಯ ಅಂಗಡಿಯಲ್ಲಿ ಮೂವರು ಕುಳಿತೆವು: ಸಂಡೂರಿನಿಂದ ಬಂದ ನನ್ನ ಸೋದರಮಾವ, ಅತ್ತೆ, ಹೊಸಪೇಟೆಯಲ್ಲಿ ಅವರ ಜೊತೆ ಬಸ್ಸು ಹತ್ತಿದ ನಾನು. ಅತ್ತೆಯ ತೊಡೆಯ ಮೇಲೆ ಒಂದೇ ಕ್ಯಾಸೆಟ್ಟು.

ನಾನು ಒಬ್ಬ ಹಾಸ್ಯನಟನ ಟೀವಿ ಕಂಪನಿಯ ಲಾಂಛನಗಳನ್ನು ಪಟ್ಟಿ ಮಾಡುತ್ತಿದ್ದೇನೆ. ಧಾರಾವಾಹಿ ಮುಗಿದು ಹೆಸರುಗಳೆಲ್ಲ ಓಡಿದ ಮೇಲೆ ನಾಲ್ಕು ಸೆಕೆಂಡು ಬರುತ್ತದೆ: ಒಂದು ತಂಬಿಗೆ ನಗುತ್ತ ಬೋರಲಾಗುತ್ತದೆ, ಒಳಗಿಂದ ಕಂಪನಿಯ ಹೆಸರಿನ ಅಕ್ಷರಗಳು ಚೆಲ್ಲುತ್ತವೆ. ಒಟ್ಟು ನಾಲ್ಕು ಬಗೆ. ಮೂರನ್ನು ನೋಡಿ ಬರೆದುಕೊಂಡಿದ್ದೇನೆ. ಮೊದಲನೆಯದು ಕೈಯಲ್ಲಿ ಬರೆದದ್ದು. ಅದನ್ನು ಬರೆದವನು ತಾನೇ ಎನ್ನುತ್ತಿದ್ದರು ಮಾವ.

ಮಾವ ಬೋರ್ಡು ಬರೆಯುವವರು. ನಾಟಕಕ್ಕೆಂದು ಹೊಸಪೇಟೆಗೆ ಬಂದಿದ್ದ ಆ ನಟ, ಪರದೆ ಬರೆಯುತ್ತಿದ್ದ ಮಾವನಿಂದ ರಟ್ಟಿನ ಮೇಲೆ ತಂಬಿಗೆಯನ್ನೂ ಬರೆಸಿಕೊಂಡನಂತೆ. ಬೋರ್ಡಿನ ಮೇಲೆ ತಮ್ಮ ಹೆಸರು ಹಾಕಿದರೆ ಅಂಗಡಿಯವರು ಸಿಟ್ಟಾಗುತ್ತಾರೆಂದು ಮಾವ ಕೆಳಗಡೆ ಬಲಮೂಲೆಯ ತುದಿಯಲ್ಲಿ ಮೂರು ಕೆಂಪು ಚುಕ್ಕಿ ಇಡುತ್ತಾರೆ. ರಟ್ಟಿನ ಮೇಲೂ ಇಟ್ಟರು. ಆದರೆ ಹಳೆಯ ಟೀವಿಗಳು ಚಿತ್ರದ ಸುತ್ತಲಿನ ಬೆರಳಗಲ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದವು. ಬೋರ್ಡಿನ ಮನುಷ್ಯನಿಗೆ ಅದು ಗೊತ್ತಿರಲಿಲ್ಲ. ಚುಕ್ಕಿ ಯಾರಿಗೂ ಕಾಣಲಿಲ್ಲ.

"ಮೂರು ಚುಕ್ಕಿ ಇಟ್ಟಿದ್ರಂತ, ಟೀವಿ ನುಂಗಿತಂತ!" ಎಂದು ಅತ್ತೆ ಬಂದವರ ಮುಂದೆಲ್ಲ ನಗುತ್ತಿದ್ದಳು.

ಜನವರಿ 23ರಂದು ಆ ನಟ ಸಂದರ್ಶನವೊಂದರಲ್ಲಿ, ತಂಬಿಗೆ ಬರೆದದ್ದು ಬೆಂಗಳೂರಿನ ತನ್ನ ಗೆಳೆಯ ಎಂದ. ಮಾವ ಅದನ್ನು ಫೋನಿನಲ್ಲಿ ಎರಡು ಸಲ ನೋಡಿದರು. ಅಂದಿನಿಂದ ಬ್ರಷ್ಷು ಮುಟ್ಟಿಲ್ಲ. ಹನ್ನೊಂದನೆಯ ದಿನ ನನಗೆ ಫೋನು ಮಾಡಿದ್ದು ಅತ್ತೆಯೇ. "ನಾನು ನಗತಿದ್ದೆ, ಖರೆ. ಆದ್ರ ಇವ್ರು ಸುಮ್ನ ಕುಂತಿದ್ದು ನೋಡಾಕ ಆಗವಲ್ದು. ಕಂಪ್ಯೂಟರಿನ್ಯಾಗ ಅಂಚು ಕಾಣತೈತಂತಲ್ಲ?"

ಕಾಣುತ್ತದೆ. ಆದರೆ ಅತ್ತೆ ಟೇಪು ಉಳಿಸುವವಳು. ಹೆಸರು ಬಂದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದಳು. ಆಕೆಯ ಒಂಬತ್ತು ಕ್ಯಾಸೆಟ್ಟುಗಳಲ್ಲಿ ಎಂಟನ್ನು ಹಿಂದಿನ ವಾರ ಇದೇ ಅಂಗಡಿಯಲ್ಲಿ ನೋಡಿದ್ದೆ. ಇಪ್ಪತ್ತೇಳು ಕಂತು, ಲಾಂಛನ ಸೊನ್ನೆ. ಒಂಬತ್ತನೆಯದರ ಕೊನೆಯ ಕಂತಿನ ದಿನ ಮಾತ್ರ ಹಾಲು ಉಕ್ಕಿ ಆಕೆ ಅಡುಗೆಮನೆಗೆ ಓಡಿದ್ದಳು, ರೆಕಾರ್ಡಿಂಗ್ ನಡೆದೇ ಇತ್ತು.

ಅಂಗಡಿಯವನು ಕ್ಯಾಸೆಟ್ಟಿನ ಕಿಂಡಿ ಎತ್ತಿ ನೋಡಿದ. "ಬೂಸು ಭಾಳ ಹಿಡದೈತ್ರಿ. ಒಂದ ಸಲ ಓಡಬಹುದು. ಎರಡನೇ ಸಲಕ್ಕ ನನ್ನ ಕೇಳಬ್ಯಾಡ್ರಿ."

"ಬ್ಯಾಡ ಬಿಡ್ರಿ," ಎಂದು ಮಾವ ಎದ್ದರು.

"ಕುಂದ್ರಿ ಸುಮ್ನ," ಎಂದಳು ಅತ್ತೆ.

11.05ಕ್ಕೆ ಯಂತ್ರ ಟೇಪನ್ನು ಎಳೆದುಕೊಂಡಿತು. ಪರದೆಯ ಮೇಲೆ ಬಿಳಿ ಗೆರೆಗಳು. ಧಾರಾವಾಹಿಯ ಕೊನೆಯ ಜಗಳ, ಆಮೇಲೆ ಹೆಸರುಗಳು. ಮಾವ ಪರದೆ ನೋಡಲಿಲ್ಲ, ಯಂತ್ರ ನೋಡುತ್ತಿದ್ದರು. ತಂಬಿಗೆ ಬಂತು. ವಾಲಿತು. ಮೊದಲ ಅಕ್ಷರ ಚೆಲ್ಲುವಷ್ಟರಲ್ಲಿ ಒಳಗೆ ಕರ್ರೆಂದಿತು, ಚಿತ್ರ ಹೋಯಿತು. ಅಂಗಡಿಯವನು ಟೇಪನ್ನು ಕತ್ತರಿಯಿಂದ ಬಿಡಿಸಬೇಕಾಯಿತು.

ಕಂಪ್ಯೂಟರಿಗೆ ಇಳಿದಷ್ಟು ತಂಬಿಗೆಯನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನೋಡಿದೆವು: ಒಟ್ಟು ಮೂವತ್ತೊಂದು. ಹತ್ತೊಂಬತ್ತನೆಯದರಲ್ಲಿ ಬಲಮೂಲೆ ಸ್ಪಷ್ಟ. ಎರಡು ಕೆಂಪು ಚುಕ್ಕಿ. ಮೂರನೆಯದು ಇರಬೇಕಾದ ಕಡೆ ಬಿಳಿ ಗೆರೆ.

"ನಿಮ್ಮವ ಅದಾವ್ರಿ!" ಎಂದು ಅತ್ತೆ ಮಾವನ ತೋಳು ಹಿಡಿದಳು.

ಮಾವ ಪರದೆಯ ಹತ್ತಿರ ಬಗ್ಗಿ ನೋಡಿದರು. "ಎರಡು ಯಾರಾದ್ರೂ ಇಡತಾರ. ನಂದು ಮೂರು," ಎಂದು ಚಪ್ಪಲಿ ಮೆಟ್ಟಿದರು.

ಪಟ್ಟಿಯಲ್ಲಿ ಮೊದಲ ಲಾಂಛನದ ಎದುರು 'ಬರೆದವರು' ಎಂಬ ಕಾಲಂ ಖಾಲಿ ಬಿಟ್ಟಿದ್ದೇನೆ. ಅವರೇ ಒಪ್ಪದ್ದನ್ನು ನಾನು ತುಂಬಲಾರೆ. ಹೆಸರು ಬಂದರೂ ರೆಕಾರ್ಡಿಂಗ್ ನಿಲ್ಲಿಸದ ಮನೆ ಎಲ್ಲಾದರೂ ಇದ್ದೀತು. ನಗುವ ತಂಬಿಗೆಯ ಹಳೆಯ ಕ್ಯಾಸೆಟ್ಟು ನಿಮ್ಮಲ್ಲಿದ್ದರೆ ಟೀವಿಯಲ್ಲಿ ನೋಡಬೇಡಿ, ಕಂಪ್ಯೂಟರಿಗೆ ಇಳಿಸಿ ಕೆಳಗಿನ ಬಲಮೂಲೆ ನೋಡಿ. ಚುಕ್ಕಿ ಎಷ್ಟಿದ್ದರೂ ದಯವಿಟ್ಟು ನನಗೆ ಬರೆಯಿರಿ.