ಗುರುತಿನ ಕಂಬಳಿ

ಗಲ್ಫಿನಿಂದ ಯಾರಾದರೂ ಬಂದರೆ ಪೆಟ್ಟಿಗೆ ಬಿಚ್ಚುವುದನ್ನು ನೋಡಲು ಅಕ್ಕಪಕ್ಕದ ಮಕ್ಕಳೆಲ್ಲ ಜಗಲಿಗೆ ಬಂದು ಕೂರುತ್ತಿದ್ದ ಕಾಲ ಅದು. ಮುಚ್ಚಳ ತೆಗೆದ ಕೂಡಲೇ ಸಾಬೂನು, ಅತ್ತರು, ಚಾಕಲೇಟು ಎಲ್ಲದರ ಪರಿಮಳ ಒಟ್ಟಿಗೆ ಬರುತ್ತಿತ್ತು. ನಮ್ಮ ಬಂಟ್ವಾಳದ ಕಡೆ ಬೆಳೆದವರಿಗೆ ಅದು ಈಗಲೂ ನೆನಪಿರಬಹುದು. ನಾನು ಹೇಳುವುದು ನನ್ನ ಬಾಲ್ಯವಲ್ಲ. ನನಗಾಗ ನಲವತ್ತರ ಹತ್ತಿರ, ಪೇಟೆಯಲ್ಲಿ ಜೀನಸಿನ ಅಂಗಡಿ ಇತ್ತು. ಇದು ನನ್ನ ತಂಗಿಯ ಮಗಳು ನಸೀಮಾಳ ಬಾಲ್ಯದ ಒಂದು ಮಳೆಗಾಲ. ಅವಳು ಅದನ್ನು ಯಾರಿಗೂ ಹೇಳುವುದಿಲ್ಲ. ಹಾಗಾಗಿ ನಾನೇ ಬರೆಯಬೇಕು.

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ವರ್ಷ. ತಂಗಿ ಝೊಹರಾ, ಬಾವ, ಏಳು ವರ್ಷದ ನಸೀಮಾ ಮೂವರೂ ಅಲ್ಲಿದ್ದರು. ವಾರಗಟ್ಟಲೆ ಸುದ್ದಿ ಇಲ್ಲ. ಅಂಗಡಿಯ ರೇಡಿಯೊದಲ್ಲಿ ಯಾವ ದೇಶ ಯಾರ ಪಕ್ಷ, ಯಾರು ಹಡಗು ಕಳಿಸಿದರು ಎಂದು ಕೇಳಿ ಗಿರಾಕಿಗಳ ಹತ್ತಿರ ಎಲ್ಲ ತಿಳಿದವನಂತೆ ಮಾತಾಡುತ್ತಿದ್ದೆ. ಕಡೆಗೆ ತಂಗಿ ಮತ್ತು ಮಗು ಜೋರ್ಡಾನಿನ ಗಡಿಯ ಡೇರೆಗಳಿಂದ ನಮ್ಮ ಸರಕಾರದ ವಿಮಾನದಲ್ಲಿ ಬೊಂಬಾಯಿಗೆ, ಅಲ್ಲಿಂದ ಬಸ್ಸಿನಲ್ಲಿ ಊರಿಗೆ ಬಂದರು. ಬಾವ ಬರಲಿಲ್ಲ. ಅವರು ನೀರಿನ ಸಾಲಿನಲ್ಲಿ ನಿಂತಿದ್ದಾಗ ಹೆಂಗಸರು ಮಕ್ಕಳನ್ನು ಕರೆದೊಯ್ಯುವ ಬಸ್ಸು ಬಂದಿತ್ತಂತೆ. ಕಾಯಲು ಬಿಡಲಿಲ್ಲವಂತೆ.

ನೆರೆಯ ಮಕ್ಕಳು ಜಗಲಿಯಲ್ಲಿ ಕೂತಿದ್ದರು. ತಂದದ್ದು ಒಂದು ಕೈಚೀಲ, ಒಂದು ಬೂದು ಕಂಬಳಿ.

“ಪೆಟ್ಟಿಗೆ ಹಿಂದಿನಿಂದ ಬರ್ತದಾ?” ಎಂದು ಒಬ್ಬ ಹುಡುಗ ಕೇಳಿದ.

ಕಂಬಳಿ ಯಾವುದೋ ದೂರದ ದೇಶದವರು ಡೇರೆಯವರಿಗೆಂದು ಕಳಿಸಿದ್ದು. ಮೂಲೆಯಲ್ಲಿ ನಮಗೆ ಓದಲಾಗದ ಅಕ್ಷರಗಳಿದ್ದವು. ಹೊಗೆ, ಸೀಮೆಎಣ್ಣೆ, ಧೂಳಿನ ವಾಸನೆ. ಒಂದು ತುದಿಗೆ ಬಾವನ ಹಸಿರು ಲುಂಗಿಯಿಂದ ಹರಿದ ಪಟ್ಟಿ ಕಟ್ಟಿತ್ತು.

ಮರುದಿನ ಬೆಳಿಗ್ಗೆ ನಸೀಮಾ ಅದನ್ನು ಅಂಗಳದ ಬಟ್ಟೆ ಹಗ್ಗಕ್ಕೆ, ಹಸಿರು ಪಟ್ಟಿ ರಸ್ತೆಗೆ ಕಾಣುವಂತೆ ಹಾಕಿದಳು. ಹನಿ ಬೀಳುತ್ತಿತ್ತು. ಒಳಗೆ ತಾ ಎಂದೆ.

“ಬೇಡ ಮಾಮ. ಉಪ್ಪಗೆ ಮನೆ ಗೊತ್ತಾಗ್ಬೇಕಲ್ಲ.” ಉಪ್ಪ ಎಂದರೆ ಅವಳ ಅಪ್ಪ, ನನ್ನ ಬಾವ.

ಡೇರೆಗಳೆಲ್ಲ ಒಂದೇ ತರ ಇದ್ದವು, ನೀರಿಗೆ ಹೋದವರಿಗೆ ತಮ್ಮ ಡೇರೆ ತಿಳಿಯುತ್ತಿರಲಿಲ್ಲ, ಅದಕ್ಕೆ ಬಾವ ಕಂಬಳಿಗೆ ಗುರುತು ಕಟ್ಟಿ ಹೊರಗೆ ಹಾಕಿಸುತ್ತಿದ್ದರು ಎಂದು ತಂಗಿ ಹೇಳಿದಳು. ನಾನು ನಕ್ಕೆ. “ನಿನ್ನ ಉಪ್ಪ ಈ ಮನೆಯಲ್ಲಿ ಮದುವೆ ಊಟ ಉಂಡವ. ಬಾಗಿಲು ಗೊತ್ತುಂಟು.”

“ಅಲ್ಲಿಯೂ ಉಪ್ಪ ಗೊತ್ತುಂಟು ಅಂತಲೇ ಹೇಳಿದ್ರು. ಆಮೇಲೆ ದಾರಿ ತಪ್ಪಿಹೋಯ್ತು,” ಎಂದಳು.

ಆ ತಿಂಗಳು ಮಕ್ಕಳೆಲ್ಲ ಅವಳ ಆಟ ಕಲಿತರು. ತೆಂಗಿನ ಗೆರಟೆ ಹಿಡಿದು ಸಾಲು ನಿಲ್ಲಬೇಕು. ಅವಳು ಅಂಗಳದ ಒದ್ದೆ ಹೊಯಿಗೆಯನ್ನು ಅನ್ನವೆಂದು ಬಡಿಸುತ್ತಿದ್ದಳು. ಬಡಿಸುವ ಮೊದಲು ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ, ಯಾವ ದೇಶ? ಒಬ್ಬ ಪಕ್ಕದ ಊರು ಪೊಳಲಿಯ ಹೆಸರು ಹೇಳಿದ.

“ಅದು ದೇಶ ಅಲ್ಲ. ಹಿಂದೆ ಹೋಗಿ ನಿಲ್ಲು.”

ನಮ್ಮದು ಕೊಡುವ ಮನೆ. ಶುಕ್ರವಾರ ಜುಮಾ ಮುಗಿದ ಮೇಲೆ ಬಡ ಹೆಂಗಸರು ಅಂಗಳದಲ್ಲಿ ಸಾಲು ನಿಲ್ಲುತ್ತಿದ್ದರು. ನನ್ನ ತಾಯಿ, ನಮ್ಮ ಮಾತಿನಲ್ಲಿ ಉಮ್ಮ, ಅಕ್ಕಿ ಕೊಡುತ್ತಿದ್ದರು, ನಾನು ಚಿಲ್ಲರೆ. ಅವರ ತಲೆಯ ಮೇಲೆಯೇ ಆ ಕಂಬಳಿ ನೇತಾಡುತ್ತಿತ್ತು. ಒಂದು ದಿನ ಅಂಗಡಿಗೆ ಬಂದ ಗೆಳೆಯ ಬೀಡಿ ಹಚ್ಚುತ್ತಾ ಅಂದ: “ಏನು ಮಾರಾಯ, ನಿಮ್ಮ ಅಂಗಳದಲ್ಲಿ ಧರ್ಮದ ಕಂಬಳಿ ಉಂಟಂತೆ. ಕೊಡುವವರು ತೆಗೆದುಕೊಳ್ಳಲಿಕ್ಕೆ ಯಾವಾಗ ಶುರುಮಾಡಿದ್ದು?”

ಚಿಕ್ಕಂದಿನಲ್ಲಿ ಶಾಲೆಯಲ್ಲಿ ಪರದೇಶದ ಹಾಲಿನ ಪುಡಿಗೆ ಲೋಟ ಹಿಡಿದು ಸಾಲು ನಿಂತವನು ನಾನು. ಅದು ಆಗ ನೆನಪಾಗಲಿಲ್ಲ.

ಆ ಶುಕ್ರವಾರ ನಸೀಮಾ ನೆರೆಮನೆಗೆ ಆಡಲು ಹೋಗಿದ್ದಳು. ಕಂಬಳಿಯನ್ನು ಎಳೆದು ಸಾಲಿನ ಕೊನೆಯ ಹೆಂಗಸಿನ ತೋಳಿಗೆ ಹಾಕಿದೆ. ಮಳೆ ನೀರು ಕುಡಿದು ಅದು ಭಾರವಾಗಿತ್ತು. ಹೆಂಗಸು ಪೊಳಲಿಯ ಕಡೆಯವಳು. ನನಗೆ ಒಳ್ಳೆಯದಾಗಲಿ ಎಂದು ಹರಸಿ ಹೋದಳು.

ಹುಡುಗಿ ಬಂದು ಖಾಲಿ ಹಗ್ಗ ನೋಡಿದಳು. ಸಾಲಿನಲ್ಲಿ ಬಂದವರಿಗೆ ಕೊಟ್ಟೆವು ಎಂದು ನನ್ನ ಉಮ್ಮ ಹೇಳಿದರು. ಅವಳು ಅಳಲಿಲ್ಲ. ಮುಂದಿನ ಶುಕ್ರವಾರ ನಾನು ಚಿಲ್ಲರೆ ಕೊಡುತ್ತಾ ಹೋದಾಗ ಸಾಲಿನ ಕೊನೆಯಲ್ಲಿ ನಸೀಮಾ ನಿಂತಿದ್ದಳು, ಲಂಗದ ಅಂಚು ಎರಡೂ ಕೈಯಲ್ಲಿ ಹಿಡಿದು.

“ನಿನಗೆ ಇಲ್ಲಿ ಎಂತ ಕೆಲಸ?”

“ಕಂಬಳಿ ಬೇಕು. ನಾನು ದೂಡ್ಲಿಲ್ಲ, ಹಿಂದೆಯೇ ನಿಂತದ್ದು.”

ಹೆಂಗಸರು ನನ್ನ ಮುಖ ನೋಡಿದರು. ಕುವೈತಿನ ಮಗು, ಅವಳಿಗೆ ಎಲ್ಲ ಆಟ ಎಂದು ಹೇಳಿ ನಾನು ಜೋರಾಗಿ ನಕ್ಕೆ. ಅವರೂ ನಕ್ಕರು. ನಸೀಮಾ ಲಂಗ ಬಿಟ್ಟು ಒಳಗೆ ಹೋದಳು.

ಆ ಸಂಜೆ ತಂಗಿ ಕೇಳಿದಳು, “ಪೊಳಲಿಗೆ ಒಂದು ಬಸ್ಸಿನ ದಾರಿ. ಆ ಹೆಂಗಸಿಗೆ ಹೊಸತು ಕೊಟ್ಟು ಅದನ್ನು ತಾ. ಮಗು ಗೇಟಿನ ಹತ್ತಿರವೇ ಇರ್ತದೆ, ಊಟಕ್ಕೂ ಬರುವುದಿಲ್ಲ.”

“ಕೊಟ್ಟ ದಾನ ವಾಪಸ್ ಕೇಳುವುದಾ? ಜನ ಎಂತ ಹೇಳ್ತಾರೆ,” ಎಂದೆ. ಪೇಟೆಯಿಂದ ಕೆಂಪು ಹೂವಿನ ಹೊಸ ಕಂಬಳಿ ತಂದೆ. ಅದು ಮಡಿಕೆ ಬಿಚ್ಚದೆ ಕಪಾಟಿನಲ್ಲಿ ಉಳಿಯಿತು.

ಮಳೆ ಬಿಡುವ ಹೊತ್ತಿಗೆ ಒಂದು ಮಧ್ಯಾಹ್ನ ಬಾವ ಬಂದರು. ಅವರಿಗೆ ಮನೆ ಗೊತ್ತಿತ್ತು, ನಾನು ಹೇಳಿದಂತೆಯೇ. ಬಸ್ಸು ಇವರನ್ನು ಕರೆದೊಯ್ದದ್ದು ತಿಳಿಯದೆ ಹಸಿರು ಪಟ್ಟಿ ಹುಡುಕುತ್ತಾ ಡೇರೆಯಿಂದ ಡೇರೆಗೆ ಅಲೆದೆ ಎಂದರು. ನಸೀಮಾ ತಾಯಿಯ ಹಿಂದೆ ನಿಂತು ಅವರನ್ನು ನೋಡಿದಳು. ಅವರು ಹಗ್ಗದ ಕಡೆ ನೋಡಿದರು.

“ನಮ್ಮ ಕಂಬಳಿ ಎಲ್ಲಿ ಮಗಳೇ?”

“ಸಾಲಿನಲ್ಲಿ ಕೊಟ್ರು,” ಎಂದಳು. ಯಾರು ಕೊಟ್ಟರೆಂದು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಆ ಮೇಲೆ ಆ ಅಂಗಳದಲ್ಲಿ ಅವಳು ಸಾಲಿನ ಆಟ ಆಡಲಿಲ್ಲ. ತನ್ನ ವಸ್ತು ಯಾವುದನ್ನೂ ಹೊರಗೆ ಇಡಲೂ ಇಲ್ಲ.

ಇಪ್ಪತ್ತು ಇಪ್ಪತ್ತೈದು ವರ್ಷಗಳ ನಂತರ ಅದೇ ದಿಕ್ಕಿನಲ್ಲಿ ಮತ್ತೆ ಯುದ್ಧವಾಯಿತು. ಮೂಡುಬಿದಿರೆಗೆ ಮದುವೆಯಾಗಿ ಹೋಗಿದ್ದ ನಸೀಮಾ ಮಗನನ್ನು ಕರೆದುಕೊಂಡು ಬಂದಿದ್ದಳು. ಟಿವಿಯಲ್ಲಿ ಡೇರೆಗಳ ಸಾಲು, ಹಗ್ಗಗಳ ಮೇಲೆ ಕಂಬಳಿಗಳು. ಯಾವ ದೇಶ ಎಷ್ಟು ಕಳಿಸಿತು ಎಂದು ಹೇಳುತ್ತಿದ್ದರು.

“ಉಮ್ಮ, ಅದನ್ನು ಯಾಕೆ ಹೊರಗೆ ಹಾಕಿದ್ದು?” ಎಂದು ಹುಡುಗ ಕೇಳಿದ.

“ಒಣಗ್ಲಿಕ್ಕೆ,” ಎಂದಳು. ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಕಡೆ ನೋಡಲಿಲ್ಲ.

ಈಗ ಎಲ್ಲಾದರೂ ಯುದ್ಧವಾದರೆ, ಭೂಕಂಪವಾದರೆ ಹುಡುಗರು ಚಂದಾ ಎತ್ತಲು ಬರುತ್ತಾರೆ. ಹೊಸ ಕಂಬಳಿಗಳನ್ನೇ ಕೊಡುತ್ತೇನೆ. ಕೊಡುವಾಗ ಮನಸ್ಸಿಗೆ ಏನೂ ಆಗುವುದಿಲ್ಲ. ಆ ಹಗ್ಗ ಇಲ್ಲ, ಜಗಲಿ ಇಲ್ಲ, ಶುಕ್ರವಾರದ ಸಾಲೂ ಇಲ್ಲ. ಎತ್ತರದ ಗೋಡೆ ಬಂದಿದೆ, ಬೀದಿಯ ಮನೆಗಳೆಲ್ಲ ಒಂದೇ ತರ ಕಾಣುತ್ತವೆ. ನಸೀಮಾ ವರ್ಷಕ್ಕೊಮ್ಮೆ ಬರುತ್ತಾಳೆ. ಗೇಟಿಗೆ ಚಿಲಕ ಹಾಕಿರುವುದಿಲ್ಲ, ಅವಳಿಗೆ ಅದು ಗೊತ್ತು. ಆದರೂ ಬೆಲ್ ಒತ್ತಿ ಯಾರಾದರೂ ಬಂದು ತೆಗೆಯುವವರೆಗೆ ಹೊರಗೇ ನಿಲ್ಲುತ್ತಾಳೆ, ಸಾಲಿನಲ್ಲಿ ನಿಂತವರ ಹಾಗೆ.