ವೈನಿಯನ್ನು ಯಾರೂ ಕೇಳಲಿಲ್ಲ

ಮೊದಲು ನೆನಪಾಗುವುದು ಬಳೆಗಳ ಸದ್ದು. ಒಮ್ಮೆಲೇ ಝಲ್ಲೆನ್ನುವ ಸದ್ದು. ಕ್ಯಾನ್ಸರ್ ಆಪರೇಷನ್‌ನಲ್ಲಿ ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಹೊಟ್ಟೆಯ ಎಡಭಾಗದಲ್ಲಿ ರಂಧ್ರ ಮಾಡಿ ಕರುಳಿನ ತುದಿಯನ್ನು ಹೊರಗೆ ತಂದಿದ್ದರು. ಸ್ಟೋಮಾ ಎನ್ನುತ್ತಾರೆ. ಮಲ ಅಲ್ಲಿಂದಲೇ ಚೀಲಕ್ಕೆ ಇಳಿಯುತ್ತಿತ್ತು. ಎದುರಿಗೆ ಯಾರಾದರೂ ಕೂತಾಗ ಅದು ಗುರ್ರೆಂದರೆ, ವೈನಿ ಎರಡೂ ಕೈ ಕೊಡವಿ, ಬಳೆ ಝಲ್ಲೆನ್ನಿಸಿ, "ಚಾ ತರ್ಲಿ?" ಎಂದು ಎದ್ದುಬಿಡುತ್ತಿದ್ದಳು. ಸಿದ್ಧೇಶ್ವರ ಗುಡಿಯ ಹಿಂದಿನ ಆ ಮನೆಯಲ್ಲಿ ಅಷ್ಟು ಚಾ ಕುಡಿದವರಿಗೆ ಕಾರಣ ಗೊತ್ತಿರಲಿಲ್ಲ.

ಬಬಲೇಶ್ವರದ ಹೆಣ್ಣು. ಮಾತು ಜೋರು, ನಗು ಇನ್ನೂ ಜೋರು. ಕಾನ್ವೆಂಟ್‌ನಲ್ಲಿ ಓದಿದ ನಾನು ಅವಳಿಗೆ "ನಮ್ಮ ಮೇಡಮ್ಮ".

ಆ ಆಪರೇಷನ್‌ಗೆ ಮುಂಚೆಯೇ ಸರ್ಜನ್ ಹೇಳಿದ್ದರು: "ಕರುಳ ಹೊರಗ ಬರೋ ಜಾಗಾದಾಗ ಹೊಟ್ಟಿ ಗ್ವಾಡಿ ಸಡಿಲಾಗತೈತ್ರಿ. ಮುಂದ ಹರ್ನಿಯಾ ಆಗಬಾರದಂತ ಈಗ ಒಂದ ಮೆಶ್, ಅಂದ್ರ ಜಾಳಿಗಿ, ಕೂಡಿಸಿಬಿಡೂಣೇನ್ರಿ?"

ಕೇಳಿದ್ದು ವೈನಿಯನ್ನಲ್ಲ, ಅಣ್ಣನನ್ನು.

"ಇಲ್ಲದ ಬ್ಯಾನಿಗೆ ಈಗ್ಯಾಕ್ರಿ ಅದೆಲ್ಲ?" ಎಂದ ಅಣ್ಣ. ಡಿಸ್ಕಷನ್ ಓವರ್.

ವರ್ಷದೊಳಗೆ ಸ್ಟೋಮಾದ ಸುತ್ತ ಉಬ್ಬು ಎದ್ದಿತು. ನಿಂತರೆ ತೆಂಗಿನಕಾಯಿಯಷ್ಟು. ಚೀಲ ಸರಿಯಾಗಿ ಅಂಟದೆ ಸೀರೆಗಳು ಕೆಡುತ್ತಿದ್ದವು. "ಇನ್ನೊಂದ ಮಗಾ ನೋಡ ಬೇ, ಹೊಟ್ಟಿ ಹೊರಗ ಬೆಳ್ಯಾಕತ್ತಾನ," ಎಂದು ವೈನಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಉಬ್ಬಿಗೆ ನುಗ್ಗಿದ ಕರುಳನ್ನು ಒಳಗೆ ಸೇರಿಸಿ, ಜಾಳಿಗೆ ಹಾಕಿ ರಿಪೇರಿ ಮಾಡಬೇಕು, ಸಿಕ್ಕಿಕೊಂಡರೆ ಜೀವಕ್ಕೆ ಅಪಾಯ ಎಂದರು ಸರ್ಜನ್. "ಹೊಟ್ಟಿಗೆ ಕಟ್ಟೂ ಬೆಲ್ಟ್ ಐತಲ್ಲ. ಟಿಕೋಟಾದ ಲಗ್ನಾ ಮುಗೀಲಿ," ಎಂದ ಅಣ್ಣ. ಲಗ್ನ ಮುಗಿಯಿತು. ಆಮೇಲೆ ಮನೆಗೆ ಬಣ್ಣ. ಆಮೇಲೆ ಮೊಮ್ಮಗನ ಜವಳ.

ಅಷ್ಟರಲ್ಲಿ ಅಣ್ಣನಿಗೇ ತೊಡೆಸಂದಿಯಲ್ಲಿ ಹರ್ನಿಯಾ ಆಯಿತು. ನಿಂಬೆಹಣ್ಣಿನಷ್ಟು. ಒಂದೇ ವಾರ! ಸೊಲ್ಲಾಪುರಕ್ಕೆ ಹೋಗಿ ಜಾಳಿಗೆ ಹಾಕಿಸಿಕೊಂಡು ಬಂದು ಮಂಚ ಹಿಡಿದ. ಅವನು ಭಾರ ಎತ್ತಬಾರದಂತೆ. ಬಿಸಿನೀರಿನ ಬಕೆಟ್ಟು ಎತ್ತಿದ್ದು ಯಾರು? ವೈನಿ. ಒಂದು ಕೈಯಲ್ಲಿ ಉಬ್ಬು ಅದುಮಿಕೊಂಡು.

ನಾನು ತಡೆಯಲಾರದೆ ಕೂಗಿದೆ: "ಯೂ ಸೆಲ್ಫಿಶ್ ಮ್ಯಾನ್! ಶೇಮ್‌ಲೆಸ್!"

"ಕನ್ನಡದಾಗ ಬೈ ಬೇ," ವೈನಿ ಬಕೆಟ್ಟು ಇಳಿಸಿ ಅಂದಳು. "ನನಗೂ ನಾಕ ಮಾತ ತಿಳೀಲಿ."

ಅಣ್ಣ ಗೋಡೆಯ ಕಡೆ ಹೊರಳಿದ. "ನಂದು ಬ್ಯಾನಿ ಆಗತಿತ್ತು. ಆಕೀಗೇನ, ಆರಾಮ ಅಡ್ಡಾಡತಾಳ."

ಆ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಕ್ಷಮೆಯಿಲ್ಲ. ಅಣ್ಣನಾದರೇನು?

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಉಬ್ಬು ಕಲ್ಲಿನಂತೆ ಗಟ್ಟಿಯಾಯಿತು. ಚೀಲ ಖಾಲಿ, ಒಂದೇ ಸಮ ವಾಂತಿ. ಗ್ಯಾಸ್ ಇರಬೇಕೆಂದು ಮನೆಯವರು ಅಜಿವಾನದ, ಅಂದರೆ ಓಮಿನ, ನೀರು ಕುಡಿಸಿದ್ದರು. ನಾನ್ಸೆನ್ಸ್! ಮಧ್ಯಾಹ್ನ ನಾನು ಹೋದಮೇಲೆಯೇ ಆಟೊ ಬಂದದ್ದು.

ಅದೇ ಸರ್ಜನ್ ಮುಟ್ಟಿ ನೋಡಿದರು. ಕರುಳು ಸಿಕ್ಕಿಕೊಂಡು ಕಪ್ಪಾಗುತ್ತಿದೆ, ಈಗಲೇ ಹೊಟ್ಟೆ ತೆರೆಯಬೇಕು ಎಂದರು. "ಯಾವಾಗಿಂದ ಹಿಂಗೈತ್ರಿ?" ಎಂದು ಕೇಳಿದ್ದು ಮತ್ತೆ ಅಣ್ಣನನ್ನೇ.

"ಇವತ್ತ ಮುಂಜಾನಿಂದ್ರಿ."

ಟ್ರಾಲಿಯ ಮೇಲೆ ವೈನಿ ತಲೆ ಎತ್ತಿದಳು. ತುಟಿ ಒಣಗಿ ಬಿರಿದಿತ್ತು. "ಸುಳ್ಳ ಹೇಳಾಕತ್ತಾರ್ರಿ ಡಾಕ್ಟ್ರ. ಇವರ ಹರ್ನಿಯಾ ರಿಪೇರಿ ಆಗೂಕಿಂತ ಮೊದಲಿಂದ ಈ ಉಬ್ಬ ಐತಿ. ನನ್ನ ಹೊಟ್ಟಿರಿ ಇದು. ನನ್ನ ಕೇಳ್ರಿ."

ನರ್ಸ್ ಟ್ರಾಲಿ ತಳ್ಳಿದಳು, ಥಿಯೇಟರಿನ ಬಾಗಿಲು ಮುಚ್ಚಿತು. ವೈನಿಯನ್ನು ನಾನು ಜೀವಂತ ಕಂಡದ್ದು ಅದೇ ಕೊನೆ.