ಏಣಿಗೆ ಮೈಲಿಗೆ

ನಮ್ಮ ಮನೆಯ ಏಣಿ ಎರಡು ವರ್ಷ ಬಾಲ್ಕನಿಯ ಮೂಲೆಯಲ್ಲೇ ನಿಂತಿತ್ತು. ಗಟ್ಟಿ ಏಣಿ. ಅಲ್ಯೂಮಿನಿಯಂದು, ಅಗಲವಾದ ಮೆಟ್ಟಿಲು, ಕಾಲಿಗೆ ರಬ್ಬರು. ನಾನೇ ಆರಿಸಿ ತಂದದ್ದು. ತಂದ ವಾರವೇ ಬಾತ್‌ರೂಮಿನ ಗೀಸರ್ ಸೋರಿತು, ಪ್ಲಂಬರ್ ಅದರ ಮೇಲೆ ನಿಂತು ರಿಪೇರಿ ಮಾಡಿದ. ಅಷ್ಟೇ, ಮುಗೀತು ಅದರ ಕಥೆ. ಕಕ್ಕಸಿನ ಪಕ್ಕ ನಿಂತ ಏಣಿ, ಯಾರ್ಯಾರೋ ತುಳಿದ ಏಣಿ, ಅಡುಗೆಮನೆ ಹೊಸಿಲು ದಾಟಕೂಡದು ಅಂತ ನಮ್ಮ ಮಾವ ತೀರ್ಪು ಕೊಟ್ಟರು. ಆ ಪ್ಲಂಬರ್ ಮುಟ್ಟಿದ ಗೀಸರಿನ ನೀರಲ್ಲೇ ಮಾವ ದಿನಾ ಮಡಿಸ್ನಾನ ಮಾಡುತ್ತಾರೆ. ಗೀಸರಿಗೆ ಮೈಲಿಗೆ ಇಲ್ಲ, ಏಣಿಗೆ ಮಾತ್ರ ಇದೆ.

ನಾನು ಇಲ್ಲೇ ಮದರಾಸಿನ ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವವಳು. ಏಣಿ ಹತ್ತುವಾಗ ಒಂದು ಕೈಯಾದರೂ ಏಣಿ ಹಿಡಿದಿರಬೇಕು, ಒದ್ದೆ ಕಾಲಲ್ಲಿ ಹತ್ತಬಾರದು, ಒಂದರ ಮೇಲೊಂದು ಪೇರಿಸಿಕೊಂಡು ಅದರ ಮೇಲೆ ನಿಲ್ಲಲೇಬಾರದು. ಇದನ್ನೇ ನನಗೆ ಬರುವ ಹರಕುಮುರುಕು ತಮಿಳಿನಲ್ಲಿ ಹೇಳೀ ಹೇಳೀ ನನ್ನ ಗಂಟಲು ಕಟ್ಟಿಹೋಗಿದೆ. ಅಲ್ಲಿ ಕೇಳುತ್ತಾರೆ. ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ನಾನು ಹಾಸನದ ಕಡೆಯವಳು. ಗಂಡನ ಮನೆಯವರು ಮದರಾಸಿಗೆ ಬಂದು ತಲೆಮಾರುಗಳೇ ಕಳೆದಿವೆ. ನಾವು ಅಟ್ಟ ಅನ್ನುವುದನ್ನು ಇವರು ತಮಿಳಿನವರ ಹಾಗೆ ಪರಣ್ ಅನ್ನುತ್ತಾರೆ. ಅಡುಗೆಮನೆಯ ಬಾಗಿಲ ಮೇಲಿರುವ ಆ ಪರಣ್ ತುಂಬ ಶ್ರಾದ್ಧದ ಪಾತ್ರೆಗಳು. ಮಾವನ ತಂದೆಯ ಶ್ರಾದ್ಧಕ್ಕೆ ವರ್ಷಕ್ಕೊಮ್ಮೆ ಅವು ಕೆಳಗಿಳಿಯಬೇಕು, ಅದೂ ಮಡಿಯಲ್ಲಿರುವವರ ಕೈಯಿಂದಲೇ. ನನ್ನ ಗಂಡನಿಗೆ ಎತ್ತರದಲ್ಲಿ ತಲೆ ಸುತ್ತುತ್ತದಂತೆ. ಮಾವನಿಗೆ ಮಂಡಿ ನೋವಂತೆ. ಅತ್ತೆಗೂ ಎರಡು ಮಂಡಿಗಳಿವೆ, ಅವೂ ನೋಯುತ್ತವೆ ಅನ್ನುವುದು ಈ ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ಹೋದ ವರ್ಷ ಶ್ರಾದ್ಧದ ಹಿಂದಿನ ದಿನ ಕೆಲಸಕ್ಕೆ ಹೊರಡುವಾಗ ನಾನು ಸ್ಪಷ್ಟವಾಗಿ ಹೇಳಿದ್ದೆ. ಸಂಜೆ ಬಂದು ಸ್ನಾನ ಮಾಡಿ ನಾನೇ ಏಣಿ ಹತ್ತಿ ಪಾತ್ರೆ ಇಳಿಸುತ್ತೇನೆ, ಯಾರೂ ಕೈ ಹಾಕಬೇಡಿ ಅಂತ. ಮಾವ ಪೇಪರಿನಿಂದ ತಲೆ ಎತ್ತದೆ ಹೂಂ ಅಂದರು. ನಾನು ಅತ್ತ ಹೋದದ್ದೇ ತಡ, ಸಂಜೆಯವರೆಗೆ ಯಾರು ಕಾಯುತ್ತಾರೆ ಅಂತ ಪಾತ್ರೆ ಇಳಿಸಲು ಅತ್ತೆಯನ್ನು ಎಬ್ಬಿಸಿದ್ದಾರೆ.

ಆಮೇಲೆ ನಡೆದದ್ದನ್ನು ಅತ್ತೆಯೇ ಆಸ್ಪತ್ರೆಯಲ್ಲಿ ನನಗೆ ಹೇಳಿದರು. ಊಟದ ಮೇಜು ಎಂಜಲು, ಪ್ಲಾಸ್ಟಿಕ್ ಕುರ್ಚಿ ಎಲ್ಲರೂ ಕೂರುವಂಥದ್ದು, ಏಣಿಯ ಮಾತಂತೂ ಎತ್ತುವ ಹಾಗೇ ಇಲ್ಲ. ಮಡಿಗೆ ಬರುವಂಥದ್ದು ಅಂದರೆ ದೇವರಮನೆಯ ಸ್ಟೂಲು. ಅದರ ಎತ್ತರ ಸಾಲಲಿಲ್ಲ. ಅದರ ಮೇಲೆ ಪೂಜೆಗೆ ಕೂರುವ ಮಣೆ ಇಟ್ಟರು. ಹಿಂಡಿ ಉಟ್ಟ ಒದ್ದೆ ಸೀರೆ, ತೊಟ್ಟಿಕ್ಕುವ ಪಾದ, ಕಾಲಡಿ ಜಾರುವ ಮಣೆ. ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಹತ್ತಿದರೆ ನಾನು ಕೆಲಸವನ್ನೇ ನಿಲ್ಲಿಸುತ್ತೇನೆ. ಮಾವ ಪಕ್ಕದಲ್ಲೇ ನಿಂತಿದ್ದರು, ಆದರೆ ಸ್ಟೂಲು ಹಿಡಿಯಲಿಲ್ಲ. ಅವರಿನ್ನೂ ಸ್ನಾನ ಮಾಡಿರಲಿಲ್ಲ, ಮುಟ್ಟಿದರೆ ಅತ್ತೆಯ ಮಡಿ ಕೆಡುತ್ತದಲ್ಲ! ಅತ್ತೆ ಹಿತ್ತಾಳೆಯ ಹಂಡೆಯನ್ನು ಎಳೆದರು, ಮಣೆ ಜಾರಿತು.

ಬಲಗೈ ಭುಜದ ಹತ್ತಿರ ಮುರಿದಿತ್ತು. ತಲೆ ಹೊಸಿಲಿನ ಕಲ್ಲಿಗೆ ಬಡಿಯದೆ ಉಳಿದದ್ದೇ ಪುಣ್ಯ ಅಂದರು ಡಾಕ್ಟರು. ನಾನು ಎದ್ದೆನೋ ಬಿದ್ದೆನೋ ಅಂತ ಆಸ್ಪತ್ರೆಗೆ ಓಡಿದರೆ ಮಾವ ಕಾರಿಡಾರಿನಲ್ಲಿ ಕೂತಿದ್ದರು. ನನ್ನನ್ನು ನೋಡಿ ಮೊದಲು ಹೇಳಿದ್ದು, ಹಂಡೆ ನೆಗ್ಗಿಹೋಯಿತು ಅಂತ. ಒಂದು ಮಾತು ಆಡಿದರೆ ನೂರು ಆಡಿಬಿಡುತ್ತೇನೆ ಅಂತ ನೇರ ಒಳಗೆ ಹೋದೆ.

ಮಾರನೆಯ ದಿನ ಶ್ರಾದ್ಧ ಮಾಡಿಸಲು ಬಂದ ಆಚಾರ್ಯರು ವಿಷಯ ಕೇಳಿ ಬಾಲ್ಕನಿಯ ಏಣಿಯತ್ತ ನೋಡಿದರು. "ಲೋಹಕ್ಕೆ ಎಂಥ ಮೈಲಿಗೆ? ಒಂದು ಚೊಂಬು ನೀರು ಸುರಿದಿದ್ದರೆ ಆಗುತ್ತಿತ್ತಲ್ಲ" ಅಂದರು. ಒಂದು ಚೊಂಬು ನೀರು. ಅಲ್ಲಿಯವರೆಗೆ ಒಬ್ಬರೂ ಅವರನ್ನು ಕೇಳಿರಲಿಲ್ಲ, ಕೇಳುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ, ಹತ್ತುವುದಕ್ಕೆ ಅತ್ತೆ ಇದ್ದರಲ್ಲ. ಮಾವ ಆ ಮಾತು ಕಿವಿಗೆ ಬೀಳಲೇ ಇಲ್ಲವೆಂಬಂತೆ ದರ್ಭೆ ಹುಡುಕಲು ಎದ್ದುಹೋದರು. ಪಾತ್ರೆಗಳನ್ನು ಇನ್ನು ಕೆಳಗೇ ಇಡೋಣ ಅಂತ ನಾನು ಜಗಳವಾಡಿದೆ. ಕೆಳಗಿಟ್ಟರೆ ಕಂಡಕಂಡವರು ಮುಟ್ಟುತ್ತಾರೆ ಅಂತ ಮಾವ ಶ್ರಾದ್ಧದ ಅಡುಗೆಗೆ ಬಂದಿದ್ದವರ ಕೈಲಿ ಮತ್ತೆ ಪರಣ್‌ಗೇ ಏರಿಸಿದರು.

ಅತ್ತೆಯ ಕೈ ಈಗಲೂ ಭುಜದಿಂದ ಮೇಲೆ ಏಳುವುದಿಲ್ಲ. ಉದ್ದ ಕೂದಲು ಅವರದು. ದಿನಾ ಬೆಳಿಗ್ಗೆ ನಾನು ಹೊರಡುವ ಮುಂಚೆ ಅವರ ಜಡೆ ಹೆಣೆಯುತ್ತೇನೆ. ನಿನಗೆ ತಡವಾಗುತ್ತೆ ಕಣೇ ಅಂತ ಅವರು ಮುದುಡಿಕೊಂಡು ಕೂರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಈ ವರ್ಷ ಹಿಂದಿನ ದಿನವೇ ರಜೆ ಹಾಕಿ ಮನೆಯಲ್ಲಿದ್ದೆ. ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ ಬಂದರೆ ಮಾವ ಅದೇ ರಾಗ ತೆಗೆದರು. ದೊಡ್ಡದು ಬೇಡ, ಚಿಕ್ಕ ಪಾತ್ರೆಗಳನ್ನಷ್ಟೇ ಎಡಗೈಯಲ್ಲಿ ತೆಗೆದುಕೊಡು, ನಾನು ಇಲ್ಲೇ ಇರ್ತೀನಲ್ಲ ಅಂತ. ಹೋದ ವರ್ಷವೂ ಅಲ್ಲೇ ಇದ್ದರು! ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಬಾಲ್ಕನಿಗೆ ನಡೆದಾಗಿತ್ತು. ಎಡಗೈಯಲ್ಲಿ ಏಣಿಯನ್ನು ಎಳೆಯುತ್ತಿದ್ದರು. ನನ್ನದೂ ಸ್ನಾನ ಆಗಿತ್ತು, ಓಡಿಹೋಗಿ ಇನ್ನೊಂದು ಕಡೆ ಹಿಡಿದೆ. ಅತ್ತೆ ಅಲ್ಲೇ ಅದರ ಮೇಲೆ ಒಂದು ಚೊಂಬು ನೀರು ಸುರಿದರು, ನಾನು ಬಟ್ಟೆಯಿಂದ ಒರೆಸಿ ಒಣಗಿಸಿದೆ. ಅಡುಗೆಮನೆಯ ಹೊಸಿಲು ದಾಟಿಸಿ, ಕಾಲು ಪೂರ್ತಿ ಬಿಡಿಸಿ ನಿಲ್ಲಿಸಿದೆವು.

ಅತ್ತೆ ಎಡಗೈಯಲ್ಲಿ ಏಣಿ ಹಿಡಿದುಕೊಂಡು ಮಗನನ್ನು ಕರೆದರು. "ಶ್ರಾದ್ಧ ನಿಮ್ಮ ತಾತಂದು. ಸ್ನಾನ ಮಾಡಿ ಬಂದು ನೀನು ಹತ್ತು, ನಾನು ಹಿಡ್ಕೋತೀನಿ." ನನ್ನ ಗಂಡ ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು, ಟವೆಲು ತೆಗೆದುಕೊಂಡು ಹೋದರು. ಬಂದಮೇಲೆ ಅವರ ಪಾದ ಒಣಗುವ ತನಕ ನಾನು ಏಣಿ ಮುಟ್ಟಲು ಬಿಡಲಿಲ್ಲ. ನಡುವಿನ ಮೆಟ್ಟಿಲಿಗೆ ಹೋಗುವಷ್ಟರಲ್ಲೇ ಏಣಿ ಅಲ್ಲಾಡುತ್ತಿದೆ ಅಂದರು. ಅಲ್ಲಾಡುತ್ತಿದ್ದದ್ದು ಅವರ ಕಾಲು.

ಮಾವ ಎಂದಿನಂತೆ ಮಾರುದೂರದಲ್ಲಿ ನಿಂತಿದ್ದರು. ಸ್ನಾನ ಆಗಿರಲಿಲ್ಲ.

ಅತ್ತೆ ಏಣಿ ಬಿಡದೆ ಅವರ ಕಡೆ ತಿರುಗಿದರು. "ನೀವೂ ಬಂದು ಹಿಡೀರಿ. ಮಡಿ ಹೋದರೆ ಇನ್ನೊಂದು ಸಲ ಸ್ನಾನ ಮಾಡ್ತೀನಿ. ಕೈ ಹೋಗಿದ್ದು ವಾಪಸ್ ಬರಲಿಲ್ಲವಲ್ಲ."

ಅವರ ದನಿ ಒಂದಿಷ್ಟೂ ಏರಿರಲಿಲ್ಲ. ಮಾವ ಬಂದು ಏಣಿ ಹಿಡಿದರು.